ಬಾಗಿಲು ತೆರೆದಿರಲಿ: ಇಂಗ್ಲೆಂಡಿನ ಹಳೆಯ ಚರ್ಚುಗಳು ಉಳಿದ ಬಗೆ



ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರುತ್ತೀರಿ. ಹೇಮಾವತಿ ಜಲಾಶಯದ ಹಿನ್ನೀರಿನ ಅಂಚಿನಲ್ಲಿ ಅಲ್ಲೊಂದು ಹಳೆಯ ಚರ್ಚಿನ ಅವಶೇಷವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಕಟ್ಟಡ ಅದು. ಗೊರೂರಿನ ಬಳಿಯ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಸುತ್ತಲಿನ ಜನ ಮನೆ, ಹೊಲಗಳನ್ನು ಬಿಟ್ಟು ಬೇರೆಡೆಗೆ ಹೋಗಬೇಕಾಯಿತು. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಚರ್ಚು ಅರ್ಧಕ್ಕೆ ಮುಳುಗುತ್ತದೆ. ಬೇಸಗೆಯಲ್ಲಿ ಮತ್ತೆ ತಲೆಯೆತ್ತಿ ನಿಲ್ಲುತ್ತದೆ. ಅದಕ್ಕೆ ಛಾವಣಿಯಿಲ್ಲ, ಬಾಗಿಲಿಲ್ಲ.

ಆ ಚರ್ಚನ್ನು ಕೆಡಿಸಿದ್ದು ನೀರು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅದು ನಿಜ; ಆದರೆ ನಿಜದ ಒಂದು ಭಾಗ ಮಾತ್ರ. ಯಾವುದೇ ಹಳೆಯ ಕಟ್ಟಡಕ್ಕೆ ಪ್ರತಿ ವರ್ಷ ಮಳೆ ಹೊಡೆಯುತ್ತದೆ, ಗೋಡೆಯ ಸಂದಿನಲ್ಲಿ ಅರಳಿ ಸಸಿ ಹುಟ್ಟುತ್ತದೆ, ಹೆಂಚು ಜಾರುತ್ತದೆ. ಸಸಿಯನ್ನು ಕೀಳುವವರು, ಹೆಂಚನ್ನು ಸರಿಸಿ ಕೂರಿಸುವವರು ಇರುವ ತನಕ ಕಟ್ಟಡ ನಿಲ್ಲುತ್ತದೆ. ಅವರು ಹೊರಟುಹೋದ ದಿನದಿಂದ ಅದು ಬೀಳಲು ತೊಡಗುತ್ತದೆ. ಶೆಟ್ಟಿಹಳ್ಳಿಯಲ್ಲಿ ನೀರು ಬಂದು ಜನರನ್ನು ಕಳುಹಿಸಿತು. ಆದರೆ ನೀರೇ ಬಾರದೆ, ಯುದ್ಧವಿಲ್ಲದೆ, ಯಾರೂ ಬಲವಂತ ಮಾಡದೆ, ಜನ ತಮ್ಮಷ್ಟಕ್ಕೆ ತಾವೇ ಕಡಿಮೆಯಾಗಿ ಸಾವಿರಾರು ಹಳೆಯ ಕಟ್ಟಡಗಳು ಅಪಾಯಕ್ಕೆ ಸಿಕ್ಕ ದೇಶವೊಂದಿದೆ. ಅದು ಇಂಗ್ಲೆಂಡ್. ಅಲ್ಲಿನ ಹಳೆಯ ಚರ್ಚುಗಳನ್ನು ಉಳಿಸಿಕೊಂಡ ಬಗೆಯನ್ನು ಈ ಲೇಖನದಲ್ಲಿ ನೋಡೋಣ. ಅದು ಪೂರ್ಣ ಗೆಲುವಿನ ಕಥೆಯಲ್ಲ. ಆದರೂ ಅದರಿಂದ ನಾವು ಕಲಿಯಬೇಕಾದ ಮಾತೊಂದಿದೆ.

ಚರ್ಚು ಯಾರದಾಗಿತ್ತು?

ಇಂಗ್ಲೆಂಡಿನ ಅಧಿಕೃತ ಧರ್ಮಸಭೆಯ ವಶದಲ್ಲಿ ಸುಮಾರು 16,000 ಚರ್ಚು ಕಟ್ಟಡಗಳಿವೆ. ಅವುಗಳಲ್ಲಿ ಬಹುಪಾಲು ಸರ್ಕಾರದ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಸೇರಿವೆ. ಪೂರ್ವ ತೀರದ ನಾರ್ಫೋಕ್ ಎಂಬ ಒಂದೇ ಪ್ರಾಂತದಲ್ಲಿ ಮಧ್ಯಯುಗದ ಚರ್ಚುಗಳು 600ಕ್ಕೂ ಹೆಚ್ಚಿವೆ. ನಮ್ಮಲ್ಲಿ ಹೊಯ್ಸಳರ ಕಾಲದಲ್ಲಿ ಊರೂರಿಗೆ ದೇವಾಲಯಗಳು ಎದ್ದಂತೆ ಅಲ್ಲಿಯೂ ಒಂದು ಕಾಲದಲ್ಲಿ ಊರೂರಿಗೆ ಚರ್ಚು ಎದ್ದಿತು. ಆ ಪ್ರಾಂತದ ಸಂಪತ್ತಿಗೆ ಕಾರಣ ಕುರಿ. ಉಣ್ಣೆಯ ವ್ಯಾಪಾರದಿಂದ ಬಂದ ಹಣ ಕಲ್ಲಿನ ಗೋಪುರಗಳಾಗಿ, ಬಣ್ಣದ ಗಾಜಿನ ಕಿಟಕಿಗಳಾಗಿ ನಿಂತಿತು.

ಈ ಚರ್ಚುಗಳನ್ನು ಪ್ರಾರ್ಥನೆಯ ಸ್ಥಳಗಳೆಂದಷ್ಟೇ ತಿಳಿದರೆ ಇತಿಹಾಸ ಅರ್ಥವಾಗುವುದಿಲ್ಲ. ಮಧ್ಯಯುಗದ ಚರ್ಚಿನಲ್ಲಿ ಎರಡು ಭಾಗಗಳಿದ್ದವು. ಪೀಠವಿರುವ ಒಳಭಾಗದ ದುರಸ್ತಿ ಪಾದ್ರಿಯ ಹೊಣೆ. ಜನ ನಿಲ್ಲುವ ದೊಡ್ಡ ಹಜಾರದ ದುರಸ್ತಿ ಊರವರ ಹೊಣೆ. ದುರಸ್ತಿ ಯಾರದೋ ಬಳಕೆಯೂ ಅವರದೇ. ಹಜಾರದಲ್ಲಿ ಊರಿನ ಸಭೆ ಸೇರುತ್ತಿತ್ತು, ಲೆಕ್ಕಪತ್ರ ನಡೆಯುತ್ತಿತ್ತು, ಹಬ್ಬದ ಕೂಟಗಳಾಗುತ್ತಿದ್ದವು, ಎಷ್ಟೋ ಕಡೆ ಮಕ್ಕಳಿಗೆ ಪಾಠವೂ ಆಗುತ್ತಿತ್ತು. ನಮ್ಮ ಕೂಲಿಮಠಗಳು ಗುಡಿಯ ಜಗಲಿಯಲ್ಲೋ ಮಂಟಪದಲ್ಲೋ ನಡೆದದ್ದನ್ನು ನೆನೆದರೆ ಈ ಚಿತ್ರ ನಿಮಗೆ ಹೊಸದೆನಿಸದು. 1538ರಿಂದ ಪ್ರತಿಯೊಂದು ಚರ್ಚಿನಲ್ಲೂ ನಾಮಕರಣ, ಮದುವೆ, ಸಮಾಧಿಗಳ ದಾಖಲೆ ಇಡಬೇಕೆಂಬ ಆಜ್ಞೆ ಬಂದಿತು. ಹೀಗೆ ಚರ್ಚು ಊರಿನ ನೆನಪಿನ ಪೆಟ್ಟಿಗೆಯೂ ಆಯಿತು. ಅರಮನೆಯ ಇತಿಹಾಸದಲ್ಲಿ ಹೆಸರಿಲ್ಲದ ನೇಕಾರ, ಕುರುಬ, ಕಮ್ಮಾರರ ಹೆಸರುಗಳು ಆ ದಾಖಲೆಗಳಲ್ಲಿ ಉಳಿದಿವೆ.

ಊರು ಖಾಲಿಯಾದಾಗ

ಹಾಗಾದರೆ ಇವು ಅಪಾಯಕ್ಕೆ ಸಿಕ್ಕಿದ್ದು ಹೇಗೆ? ಕಾರಣ ಒಂದಲ್ಲ. 1348ರಲ್ಲಿ ಇಂಗ್ಲೆಂಡನ್ನು ಹೊಕ್ಕ ಮಹಾಮಾರಿ ಪ್ಲೇಗು ಅನೇಕ ಹಳ್ಳಿಗಳನ್ನು ಬರಿದು ಮಾಡಿತು. ಆ ಮೇಲೆ ಉಳುವ ಹೊಲಗಳು ಕುರಿಯ ಹುಲ್ಲುಗಾವಲುಗಳಾದವು. ರೈತರಿಗೆ ಕೆಲಸ ತಪ್ಪಿತು. ಕೈಗಾರಿಕಾ ಕ್ರಾಂತಿಯ ಕಾಲಕ್ಕೆ ಹಳ್ಳಿಯ ಜನ ನಗರಗಳಿಗೆ ನುಗ್ಗಿದರು. ಇಪ್ಪತ್ತನೆಯ ಶತಮಾನದಲ್ಲಿ ನಗರದ ಜನವೂ ಹಳೆಯ ಕೇರಿಗಳನ್ನು ಬಿಟ್ಟು ಹೊರವಲಯದ ಬಡಾವಣೆಗಳಿಗೆ ಹೋದರು. ಅದೇ ಹೊತ್ತಿಗೆ ಭಾನುವಾರ ಚರ್ಚಿಗೆ ಹೋಗುವ ರೂಢಿಯೂ ಕಡಿಮೆಯಾಗುತ್ತ ಬಂದಿತು. ಐನೂರು ಜನ ಕೂರುವ ಹಜಾರದಲ್ಲಿ ಹತ್ತು ಹನ್ನೆರಡು ಮಂದಿ ವೃದ್ಧರು ಕುಳಿತರೆ ಅವರ ಕಾಣಿಕೆಯಿಂದ ಗೋಪುರದ ದುರಸ್ತಿ ಆಗುವುದು ಹೇಗೆ?

ಈ ಪ್ರಶ್ನೆಗೆ ಹಲವು ಕಡೆ ದೊರೆತ ಉತ್ತರ ಬೀಗ. ಬೀಗ ಹಾಕಿದ ಚರ್ಚಿಗೆ ಮುಂದೆ ಏನಾಗುತ್ತಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಛಾವಣಿಗೆ ಹೊದಿಸಿದ ಸೀಸದ ತಗಡನ್ನು ಕಳ್ಳರು ಕಿತ್ತೊಯ್ಯುತ್ತಿದ್ದರು. ಒಳಗೆ ಪಾರಿವಾಳಗಳು ಗೂಡು ಕಟ್ಟುತ್ತಿದ್ದವು. ಹುಡುಗರು ಗಾಜಿಗೆ ಕಲ್ಲು ಹೊಡೆಯುತ್ತಿದ್ದರು. ಕೆಲವು ವರ್ಷಗಳ ನಂತರ ಕಟ್ಟಡ ಅಪಾಯಕಾರಿಯಾಗಿದೆ ಎಂದು ವರದಿ ಬರುತ್ತಿತ್ತು, ಕೆಡವುವವರು ಬರುತ್ತಿದ್ದರು.

ಒಬ್ಬ ಕವಿ, ಒಬ್ಬ ವೈಸರಾಯ್, ಒಬ್ಬ ಗಣಿತ ವಿದ್ವಾಂಸ

ಹಳೆಯ ಕಟ್ಟಡಗಳ ಪರವಾಗಿ ಮೊದಲು ಸಂಘ ಕಟ್ಟಿದವನು ಕವಿಯೂ ಕುಶಲಕರ್ಮಿಯೂ ಆಗಿದ್ದ ವಿಲಿಯಂ ಮಾರಿಸ್. ಅವನ ಕಾಲದಲ್ಲಿ ಚರ್ಚುಗಳಿಗೆ ಅಪಾಯ ಬಂದದ್ದು ಬಡತನದಿಂದಲ್ಲ, ಹಣದಿಂದ. ಶ್ರೀಮಂತರು ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಕಲ್ಲನ್ನು ಕೆತ್ತಿ ಹಾಕಿ ಹೊಸದರಂತೆ ಮಾಡುತ್ತಿದ್ದರು. 1877ರಲ್ಲಿ ಮಾರಿಸ್ ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಸಂಘವೊಂದನ್ನು ಸ್ಥಾಪಿಸಿದ. ಅದರ ನಿಲುವು ಸರಳವಾಗಿತ್ತು: ದೊಡ್ಡ ಜೀರ್ಣೋದ್ಧಾರಕ್ಕಿಂತ ಪ್ರತಿದಿನದ ಸಣ್ಣ ಆರೈಕೆ ಮೇಲು.

ಎರಡನೆಯ ಹೆಸರು ನಿಮಗೆ ಪರಿಚಿತವಾದದ್ದೇ. ಬಂಗಾಳವನ್ನು ವಿಭಜಿಸಿದ ವೈಸರಾಯ್ ಎಂದು ನಾವು ಓದುವ ಲಾರ್ಡ್ ಕರ್ಜನ್, 1904ರಲ್ಲಿ ಭಾರತದ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆಯನ್ನು ತಂದವನೂ ಹೌದು. ಇಂಗ್ಲೆಂಡಿಗೆ ಮರಳಿದ ಮೇಲೆ 1911ರಲ್ಲಿ ಹಾಳಾಗುತ್ತಿದ್ದ ಟ್ಯಾಟರ್‌ಶಾಲ್ ಕೋಟೆಯನ್ನು ಅವನು ಸ್ವಂತ ಹಣದಿಂದ ಕೊಂಡು ಉಳಿಸಿದ. ತನ್ನ ದೇಶದಲ್ಲೂ ಬಲವಾದ ಸ್ಮಾರಕ ಕಾನೂನು ಬೇಕೆಂದು ವಾದಿಸಿದ. ಅಂಥ ಕಾಯ್ದೆ 1913ರಲ್ಲಿ ಬಂದಿತು. ಆದರೆ ಬಳಕೆಯಲ್ಲಿರುವ ಚರ್ಚುಗಳನ್ನು ಆ ಕಾಯ್ದೆಯಿಂದ ಹೊರಗಿಡಲಾಯಿತು. ನಮ್ಮ ಕಟ್ಟಡಗಳನ್ನು ನಾವೇ ನೋಡಿಕೊಳ್ಳುತ್ತೇವೆ ಎಂಬುದು ಧರ್ಮಸಭೆಯ ಮಾತಾಗಿತ್ತು. ಜನ ತುಂಬಿರುವ ತನಕ ಈ ಏರ್ಪಾಡು ನಡೆಯಿತು. ಜನ ಕಡಿಮೆಯಾದ ಮೇಲೆ, ಪೂಜೆಯೂ ಇಲ್ಲದ ಕಾಯ್ದೆಯೂ ಕಾಯದ ಚರ್ಚುಗಳಿಗೆ ದಿಕ್ಕಿಲ್ಲದಂತಾಯಿತು.

ಆಗ ಮುಂದೆ ಬಂದವರು ಐವರ್ ಬಲ್ಮರ್-ಥಾಮಸ್. ಅವರು ಪಾರ್ಲಿಮೆಂಟಿನ ಸದಸ್ಯರಾಗಿದ್ದವರು. ಪ್ರಾಚೀನ ಗ್ರೀಕರ ಗಣಿತದ ಬಗ್ಗೆ ಅಧಿಕಾರದಿಂದ ಬರೆದ ವಿದ್ವಾಂಸರು. 1957ರಲ್ಲಿ ಅವರು ಒಂದು ಸಂಘ ಆರಂಭಿಸಿದರು. ಅದರ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, ಗೆಳೆಯರಿಲ್ಲದ ಚರ್ಚುಗಳ ಗೆಳೆಯರು. ಹೆಸರು ಕೇಳಿ ನಗು ಬರಬಹುದು. ಆದರೆ ಕೆಲಸ ಗಟ್ಟಿಯಾಗಿತ್ತು. ಯಾರೂ ಬೇಡವೆಂದ ಚಿಕ್ಕ ಚರ್ಚುಗಳನ್ನು ಈ ಸಂಘ ತನ್ನ ವಶಕ್ಕೆ ತೆಗೆದುಕೊಂಡಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಅರವತ್ತಕ್ಕೂ ಹೆಚ್ಚು ಕಟ್ಟಡಗಳು ಇಂದು ಅದರ ಆರೈಕೆಯಲ್ಲಿವೆ.

ಆದರೆ ಸಮಸ್ಯೆ ಒಂದು ಸಂಘದ ಕೈಮೀರಿದ್ದು. 1968ರಲ್ಲಿ ಒಪ್ಪಿತವಾದ ನಿಯಮವೊಂದರಂತೆ, ಮುಚ್ಚಿದ ಚರ್ಚಿಗೆ ಮೂರು ದಾರಿಗಳನ್ನು ಗೊತ್ತುಮಾಡಲಾಯಿತು. ಒಂದು, ತಕ್ಕ ಬೇರೆ ಬಳಕೆಗೆ ಕೊಡುವುದು. ಎರಡು, ಇತಿಹಾಸದ ದೃಷ್ಟಿಯಿಂದ ಬಹಳ ಮುಖ್ಯವಾದದ್ದಾದರೆ ನಾಡಿನ ಹೆಸರಿನಲ್ಲಿ ಕಾಪಾಡುವುದು. ಮೂರು, ಕೆಡವುವುದು. ಎರಡನೆಯ ದಾರಿಗಾಗಿ 1969ರಲ್ಲಿ ಒಂದು ನಿಧಿ ಸ್ಥಾಪನೆಯಾಯಿತು. ಸರ್ಕಾರ ಮತ್ತು ಧರ್ಮಸಭೆ ಎರಡೂ ಅದಕ್ಕೆ ಹಣ ಕೊಡಬೇಕು ಎಂಬುದು ಒಪ್ಪಂದ. ಬಲ್ಮರ್-ಥಾಮಸ್ ಅವರೇ ಅದರ ಮೊದಲ ಅಧ್ಯಕ್ಷರಾದರು. 1971ರಲ್ಲಿ ಯಾರ್ಕ್‌ಷೈರಿನ ಎಡ್ಲಿಂಗ್ಟನ್ ಎಂಬ ಕಲ್ಲಿದ್ದಲು ಗಣಿಯ ಊರಿನ ಪುರಾತನ ಸೇಂಟ್ ಪೀಟರ್ ಚರ್ಚು ಮೊದಲನೆಯದಾಗಿ ನಿಧಿಯ ವಶಕ್ಕೆ ಬಂದಿತು. 1994ರಲ್ಲಿ ಆ ನಿಧಿಗೆ ಚರ್ಚುಗಳ ಸಂರಕ್ಷಣಾ ಟ್ರಸ್ಟ್ ಎಂಬ ಅರ್ಥದ ಹೊಸ ಹೆಸರಾಯಿತು. ಈಗ ಅದರ ಆರೈಕೆಯಲ್ಲಿರುವ ಚರ್ಚುಗಳು ಸುಮಾರು 350.

ಹೆಸರಿನ ಬದಲಾವಣೆಯನ್ನು ನೀವು ಗಮನಿಸಬೇಕು. ಮೊದಲಿನ ಹೆಸರಿನಲ್ಲಿ ಅನಗತ್ಯವಾದ ಚರ್ಚುಗಳು ಎಂಬ ಮಾತಿತ್ತು. ಹೊಸ ಹೆಸರಿನಲ್ಲಿ ಆ ಮಾತು ಇಲ್ಲ. ಕಟ್ಟಡ ಯಾರಿಗೂ ಬೇಡವಾದದ್ದಲ್ಲ, ಯಾರಿಗೆ ಬೇಕು ಎಂಬುದನ್ನು ನಾವು ಇನ್ನೂ ಕೇಳಿಲ್ಲ ಅಷ್ಟೇ ಎಂಬ ತಿಳಿವಳಿಕೆ ನಿಧಾನವಾಗಿ ಮೂಡುತ್ತಿತ್ತು.

ನಾರಿಚ್ ನಗರದಲ್ಲಿ ಗೊಂಬೆಯಾಟ

ಮೊದಲನೆಯ ದಾರಿಗೆ, ಎಂದರೆ ಬೇರೆ ಬಳಕೆಗೆ, ಒಳ್ಳೆಯ ಉದಾಹರಣೆ ನಾರ್ಫೋಕ್ ಪ್ರಾಂತದ ಮುಖ್ಯ ಪಟ್ಟಣವಾದ ನಾರಿಚ್. ಹಳೆಯ ಕೋಟೆಗೋಡೆಯೊಳಗೆ ಮಧ್ಯಯುಗದ 31 ಚರ್ಚುಗಳು ಅಲ್ಲಿ ಇಂದಿಗೂ ನಿಂತಿವೆ. ಅರ್ಧ ಗಂಟೆಯ ನಡಿಗೆಯಲ್ಲಿ ಹತ್ತಾರು ಗೋಪುರಗಳನ್ನು ನೋಡಬಹುದು. ಆದರೆ ಅಷ್ಟು ಚರ್ಚುಗಳಿಗೆ ಬೇಕಾದಷ್ಟು ಜನ ಆ ಕೇರಿಗಳಲ್ಲಿ ಉಳಿಯಲಿಲ್ಲ. 1942ರ ಏಪ್ರಿಲ್ ತಿಂಗಳ ಜರ್ಮನ್ ಬಾಂಬು ದಾಳಿಯಲ್ಲಿ ಕೆಲವು ಹಾಳಾದವು. ಇನ್ನು ಕೆಲವಕ್ಕೆ ಒಂದೊಂದಾಗಿ ಬಾಗಿಲು ಮುಚ್ಚಿತು.

1973ರಲ್ಲಿ ಅಲ್ಲೊಂದು ಟ್ರಸ್ಟ್ ರಚನೆಯಾಯಿತು. ಮುಚ್ಚಿದ ಚರ್ಚುಗಳ ಒಡೆತನ ನಗರಸಭೆಯದು. ಅವನ್ನು ದುರಸ್ತಿಯಲ್ಲಿಟ್ಟು, ತಕ್ಕ ಬಾಡಿಗೆದಾರರನ್ನು ಹುಡುಕುವ ಕೆಲಸ ಟ್ರಸ್ಟಿನದು. ಸೇಂಟ್ ಜೇಮ್ಸ್ ಚರ್ಚು 1980ರಲ್ಲಿ ಗೊಂಬೆಯಾಟದ ರಂಗಮಂದಿರವಾಯಿತು. ಸೇಂಟ್ ಸ್ವಿದಿನ್ ಚರ್ಚು ಸಂಗೀತ ಮತ್ತು ಕಲೆಗಳ ಕೇಂದ್ರವಾಯಿತು. ಮತ್ತೊಂದು ಚರ್ಚು ಕೆಲವು ವರ್ಷ ಮಕ್ಕಳ ವಿಜ್ಞಾನ ಕೇಂದ್ರವಾಗಿತ್ತು; ನಂತರ ಸರ್ಕಸ್ ವಿದ್ಯೆ ಕಲಿಸುವ ಜಾಗವಾಯಿತು. ಎತ್ತರವಾದ ಛಾವಣಿ, ನಡುವೆ ಅಡ್ಡಿಯಿಲ್ಲದ ಹಜಾರ: ಪ್ರಾರ್ಥನೆಯ ಸ್ವರ ಏರಲೆಂದು ಕಟ್ಟಿದ ಎತ್ತರ ಹಗ್ಗದ ಮೇಲೆ ತೂಗುವವರಿಗೂ ಅನುಕೂಲವಾಯಿತು.

ಇದನ್ನು ಕೇಳಿ ನಿಮ್ಮಲ್ಲಿ ಕೆಲವರ ಮನಸ್ಸಿಗೆ ಕಸಿವಿಸಿಯಾಗಬಹುದು. ಆಗಬೇಕಾದದ್ದೇ. ಆ ಪ್ರಶ್ನೆಗೆ ಮುಂದೆ ಬರೋಣ. ಅದಕ್ಕೂ ಮೊದಲು ಇನ್ನೊಂದು ಊರನ್ನು ನೋಡೋಣ. ಅದರ ಕಥೆಯಲ್ಲಿ ಭಾರತದಿಂದ ಹೋದವರ ಪಾಲೂ ಇದೆ.

ಬೋಲ್ಟನ್ನಿನ ನೆರೆಹೊರೆ

ಲ್ಯಾಂಕಷೈರಿನ ಬೋಲ್ಟನ್ ಹತ್ತಿಯ ಗಿರಣಿಗಳ ಊರು. ನೂಲುವ ಯಂತ್ರದ ಇತಿಹಾಸ ಓದುವಾಗ ನೀವು ಸ್ಯಾಮ್ಯುಯಲ್ ಕ್ರಾಂಪ್ಟನ್ನನ ಹೆಸರನ್ನು ಓದಿದ್ದೀರಿ. 1779ರಲ್ಲಿ ಅವನು ತನ್ನ ಯಂತ್ರವನ್ನು ರೂಪಿಸಿದ್ದು ಈ ಊರಿನಲ್ಲೇ. ಇಂಥ ಯಂತ್ರಗಳು ನೂತು, ನೇಯ್ದ ಬಟ್ಟೆ ನಮ್ಮ ದೇಶದ ನೇಕಾರರ ಮಗ್ಗಗಳನ್ನು ನಿಲ್ಲಿಸಿದ್ದು ನಿಮಗೆ ತಿಳಿದೇ ಇದೆ. ಆ ಸಂಪತ್ತಿನ ಒಂದು ಪಾಲಿನಿಂದ ಗ್ರೀನ್‌ಹಾಲ್ಜ್ ಎಂಬ ಗಿರಣಿ ಮಾಲೀಕರ ಕುಟುಂಬ ಅಲ್ಲಿ ಸರ್ವಾತ್ಮರ ಚರ್ಚು, ಎಂದರೆ ಆಲ್ ಸೋಲ್ಸ್ ಎಂಬ ಚರ್ಚನ್ನು ಕಟ್ಟಿಸಿತು. 1881ರಲ್ಲಿ ಅದು ಪೂರ್ಣವಾಯಿತು. ಎಲ್ಲ ಕೆಲಸಗಾರರಿಗೂ ಉಪದೇಶಕ ಕಾಣಬೇಕು, ಅವನ ಮಾತು ಕೇಳಬೇಕು ಎಂದು ನಡುವೆ ಕಂಬಗಳೇ ಇಲ್ಲದ ವಿಶಾಲವಾದ ಹಜಾರವನ್ನು ಮಾಡಿದರು.

ನೂರು ವರ್ಷದಲ್ಲಿ ಎಲ್ಲವೂ ಬದಲಾಯಿತು. ಗಿರಣಿಗಳಿಗೆ ರಾತ್ರಿ ಪಾಳಿಯ ಕೆಲಸಕ್ಕೆ ಜನ ಸಾಲದೆ, 1960ರ ದಶಕದಲ್ಲಿ ಗುಜರಾತಿನಿಂದ, ಪಾಕಿಸ್ತಾನದಿಂದ ಅನೇಕರು ಅಲ್ಲಿಗೆ ಹೋಗಿ ನೆಲೆಸಿದರು. ಆ ಮೇಲೆ ಗಿರಣಿಗಳೇ ಮುಚ್ಚಿದವು. ಚರ್ಚಿನ ಸುತ್ತಲಿನ ಬೀದಿಗಳಲ್ಲಿ ಈಗ ಬಹುಪಾಲು ಮುಸ್ಲಿಂ ಕುಟುಂಬಗಳು. ಭಾನುವಾರದ ಪ್ರಾರ್ಥನೆಗೆ ಬರುವವರು ವಿರಳರಾಗಿ 1986ರಲ್ಲಿ ಚರ್ಚು ಮುಚ್ಚಿತು. ಮರುವರ್ಷ ಅದು ನಿಧಿಯ ವಶಕ್ಕೆ ಬಂದಿತು. ಕೆಡವುವ ಭಯ ತಪ್ಪಿತು. ಆದರೆ ಬೀಗ ತಪ್ಪಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಗೋಪುರ ಬೀದಿಯ ಮೇಲೆ ನೆರಳು ಚೆಲ್ಲುತ್ತ ಸುಮ್ಮನೆ ನಿಂತಿತ್ತು. ಕಾನೂನಿನಿಂದ ಕಾಪಾಡಿದ ಕಟ್ಟಡವೂ ಹೀಗೆ ಅನಾಥವಾಗಬಹುದು ಎಂಬುದನ್ನು ನೀವು ನೆನಪಿಡಬೇಕು.

ಅದನ್ನು ಮತ್ತೆ ತೆರೆಯಬೇಕೆಂದು ಓಡಾಡಿದವರು ಯಾರು? ಅದೇ ನೆರೆಹೊರೆಯವರು. ಮುಂದಾಳಾಗಿ ನಿಂತವರು ಆ ಬಡಾವಣೆಯ ಒಬ್ಬ ಮುಸ್ಲಿಂ ನಿವಾಸಿ. ಕ್ರೈಸ್ತರು, ಮುಸ್ಲಿಮರು, ಯಾವ ಧರ್ಮವನ್ನೂ ಅನುಸರಿಸದವರು ಜೊತೆಗೂಡಿದರು. ನಮ್ಮ ಬೀದಿಯಲ್ಲಿ ಇಷ್ಟು ದೊಡ್ಡ, ಇಷ್ಟು ಸುಂದರವಾದ ಕಟ್ಟಡ ಇನ್ನೊಂದಿಲ್ಲ. ಇದು ನಮ್ಮೆಲ್ಲರ ಕಟ್ಟಡ ಎಂಬ ಭಾವನೆ ಅವರನ್ನು ಸೇರಿಸಿತು. ಲಾಟರಿ ಹಣದಿಂದ ನಡೆಯುವ ಪರಂಪರೆ ನಿಧಿ ದೊಡ್ಡ ಮೊತ್ತ ನೀಡಿತು. ಒಟ್ಟು ಹತ್ತಿರಹತ್ತಿರ 50 ಲಕ್ಷ ಪೌಂಡಿನ ವೆಚ್ಚದಲ್ಲಿ ಕೆಲಸ ಮುಗಿದು, 2014ರ ಡಿಸೆಂಬರಿನಲ್ಲಿ ಆಲ್ ಸೋಲ್ಸ್ ಸಮುದಾಯ ಕೇಂದ್ರವಾಗಿ ಬಾಗಿಲು ತೆರೆಯಿತು.

ವಾಸ್ತುಶಿಲ್ಪಿಗಳು ಮಾಡಿದ ಉಪಾಯವನ್ನು ಗಮನಿಸಿ. ಹಳೆಯ ಹಜಾರದೊಳಗೆ ಹೊಸ ಕೋಣೆಗಳನ್ನು ಬಿಡಿಯಾಗಿ ನಿಲ್ಲಿಸಿದರು, ದೊಡ್ಡ ಮನೆಯೊಳಗೆ ಕಪಾಟು ಇಟ್ಟಂತೆ. ಹಳೆಯ ಗೋಡೆಗಳು ಹೊಸ ಮಹಡಿಗಳ ಭಾರ ಹೊರುವುದಿಲ್ಲ. ಸಭೆಗೆ ಕೋಣೆಗಳಾದವು, ಕಚೇರಿಗಳಾದವು, ಕಾಫಿ ಕುಡಿಯಲು ಜಾಗವಾಯಿತು. ನಾಳೆ ಬೇರೆ ಪೀಳಿಗೆಗೆ ಇವು ಬೇಡವೆನಿಸಿದರೆ ತೆಗೆಯಬಹುದು. ಹಳೆಯ ಚರ್ಚು ಹಳೆಯದಾಗಿಯೇ ಉಳಿದಿರುತ್ತದೆ. ನಾವು ಮಾಡುವ ಬದಲಾವಣೆಯನ್ನು ಮುಂದಿನವರು ಅಳಿಸುವಂತಿರಬೇಕು ಎಂಬುದು ಇಂದಿನ ಸಂರಕ್ಷಣಾ ಶಾಸ್ತ್ರದ ಮುಖ್ಯ ನಿಯಮಗಳಲ್ಲಿ ಒಂದು.

ಇದೇ ಕುಟುಂಬ ಬೋಲ್ಟನ್ನಿನಲ್ಲಿ ಇನ್ನೊಂದು ಚರ್ಚನ್ನೂ ಕಟ್ಟಿಸಿತ್ತು. ಅದು ಈಗ ಇಲ್ಲ. 1970ರ ದಶಕದಲ್ಲಿ ಅದನ್ನು ಕೆಡವಲಾಯಿತು. ಒಂದೇ ಊರು, ಒಂದೇ ಕುಟುಂಬದ ಹಣ, ಒಂದೇ ಕಾಲದ ಕೆಲಸ. ಒಂದು ಉಳಿಯಿತು, ಒಂದು ಹೋಯಿತು.

ಬೀಗ ಮತ್ತು ಬಾಗಿಲು

ಕಟ್ಟಡವನ್ನು ಕಾಪಾಡಬೇಕಾದರೆ ಬೀಗ ಹಾಕಬೇಕು ಎಂದು ನಮಗೆ ಅನಿಸುವುದು ಸಹಜ. ಅನುಭವ ಬೇರೆ ಮಾತು ಹೇಳುತ್ತದೆ. ಇಂಗ್ಲೆಂಡಿನಲ್ಲಿ ಚರ್ಚುಗಳಿಗೆ ವಿಮೆ ಮಾಡುವವರೇ ಹಗಲಿನಲ್ಲಿ ಬಾಗಿಲು ತೆರೆದಿಡಿ ಎಂದು ಸಲಹೆ ಕೊಡುತ್ತಾರೆ. ಕಾರಣವಿಷ್ಟೇ: ಯಾರು ಯಾವಾಗ ಒಳಗೆ ಬಂದಾರು ಎಂದು ಗೊತ್ತಿಲ್ಲದ ಕಡೆ ಕಳ್ಳ ಧೈರ್ಯ ಮಾಡುವುದಿಲ್ಲ. ಬೆಲೆಬಾಳುವ ವಸ್ತುಗಳನ್ನು ಭದ್ರವಾಗಿಟ್ಟು, ಉಳಿದದ್ದನ್ನು ಜನರ ಕಣ್ಣಿಗೆ ಒಪ್ಪಿಸುವುದೇ ಒಳ್ಳೆಯ ಕಾವಲು.

ಕಣ್ಣುಗಳಿಂದ ಇನ್ನೊಂದು ಪ್ರಯೋಜನವಿದೆ. ಕಲ್ಲಿನ ಕಟ್ಟಡದ ದೊಡ್ಡ ಶತ್ರು ನೀರು. ಛಾವಣಿಯ ದೋಣಿಯಲ್ಲಿ ಒಣಗಿದ ಎಲೆ ಸಿಕ್ಕಿಕೊಂಡರೆ ನೀರು ಗೋಡೆಯೊಳಗೆ ಇಳಿಯುತ್ತದೆ. ಗೋಡೆಯಿಂದ ತೊಲೆಯ ತುದಿಗೆ ಹೋಗುತ್ತದೆ. ತೊಲೆ ಕೊಳೆತರೆ ಛಾವಣಿ ಕುಸಿಯುತ್ತದೆ. ಎಲೆಯನ್ನು ತೆಗೆಯಲು ಒಂದು ಗಂಟೆ ಸಾಕು. ಛಾವಣಿಯನ್ನು ಹೊಸದಾಗಿ ಮಾಡಲು ಲಕ್ಷಗಟ್ಟಲೆ ಹಣ ಬೇಕು. ಗೋಡೆಯ ಮೇಲಿನ ಹಸಿರು ಕಲೆಯನ್ನು ಮೊದಲ ವಾರವೇ ನೋಡಿದವರಿದ್ದರೆ ಕಟ್ಟಡ ಬದುಕಿತು. ಇದೇ ಮಾರಿಸ್ ಹೇಳಿದ ದಿನನಿತ್ಯದ ಆರೈಕೆ.

ದುರಸ್ತಿಯಲ್ಲೂ ತಿಳಿವಳಿಕೆ ಬೇಕು. ಹಳೆಯ ಗೋಡೆಗಳನ್ನು ಕಟ್ಟಿದ್ದು ಸುಣ್ಣದ ಗಾರೆಯಿಂದ. ಗಾರೆ ತೇವವನ್ನು ಹೀರಿ ಮತ್ತೆ ಹೊರಗೆ ಬಿಡುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಗಟ್ಟಿಯಾಗಿರಲಿ ಎಂದು ಸಿಮೆಂಟು ಮೆತ್ತಿದ ಕಡೆಗಳಲ್ಲಿ ತೇವ ಒಳಗೇ ಸಿಕ್ಕಿಕೊಂಡು ಕಲ್ಲನ್ನೇ ತಿಂದಿತು. ನಮ್ಮ ಹಳೆಯ ಗುಡಿ, ಕೋಟೆ, ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಹಳ್ಳಿಗಳಲ್ಲಿ ದಿನವಿಡೀ ಕಾವಲು ಇಡಲಾಗದ ಕಡೆ ಟ್ರಸ್ಟ್ ಒಂದು ಸರಳ ಪದ್ಧತಿ ಮಾಡಿಕೊಂಡಿದೆ. ಬೀಗದ ಕೈ ಹತ್ತಿರದ ಮನೆಯಲ್ಲಿರುತ್ತದೆ. ಬಂದವರು ಕೇಳಿ ಪಡೆಯುತ್ತಾರೆ. 2014ರಲ್ಲಿ ನಾರ್ತಾಂಪ್ಟನ್‌ಷೈರಿನ ಆಲ್ಡ್‌ವಿಂಕಲ್ ಎಂಬ ಹಳ್ಳಿಯ ಚರ್ಚಿನಲ್ಲಿ ಹೊಸ ಪ್ರಯೋಗ ಮಾಡಿದರು. ಪ್ರವಾಸಿಗರು ಅಲ್ಪ ಶುಲ್ಕ ಕೊಟ್ಟು ರಾತ್ರಿ ಅಲ್ಲೇ ತಂಗಬಹುದು. ಕವಿ ಡ್ರೈಡನ್ನನಿಗೆ ನಾಮಕರಣವಾದ ಚರ್ಚು ಅದು. ಆ ಹಣ ದುರಸ್ತಿಗೆ ಹೋಗುತ್ತದೆ.

ಕಷ್ಟದ ಪ್ರಶ್ನೆಗಳು

ಈಗ ಮುಂದಕ್ಕೆ ಹಾಕಿದ ಪ್ರಶ್ನೆಗೆ ಬರೋಣ. ಪವಿತ್ರವೆಂದು ಕಟ್ಟಿದ ಜಾಗದಲ್ಲಿ ಸರ್ಕಸ್ಸು, ಕಾಫಿ, ವಸತಿ ಇವೆಲ್ಲ ಸರಿಯೇ? ತಾತ ಮುತ್ತಾತಂದಿರನ್ನು ಆ ಅಂಗಳದಲ್ಲೇ ಮಣ್ಣು ಮಾಡಿದ ಕುಟುಂಬಕ್ಕೆ ನೋವಾಗದೇ?

ನೋವಾಗುತ್ತದೆ. ಆದ್ದರಿಂದಲೇ ಅಲ್ಲಿ ಎರಡು ಬಗೆಯ ಏರ್ಪಾಡುಗಳಿವೆ. ಪೂರ್ತಿಯಾಗಿ ಬೇರೆ ಬಳಕೆಗೆ ಕೊಡುವ ಕಟ್ಟಡದ ಪವಿತ್ರೀಕರಣವನ್ನು ಧರ್ಮಸಭೆ ಮೊದಲು ವಿಧಿಪೂರ್ವಕವಾಗಿ ಹಿಂತೆಗೆದುಕೊಳ್ಳುತ್ತದೆ. ಟ್ರಸ್ಟಿನ ವಶದಲ್ಲಿರುವ ಚರ್ಚುಗಳು ಸಾಮಾನ್ಯವಾಗಿ ಪವಿತ್ರವಾಗಿಯೇ ಉಳಿಯುತ್ತವೆ. ವರ್ಷಕ್ಕೆ ಕೆಲವು ಬಾರಿಯಾದರೂ ಅಲ್ಲಿ ಪ್ರಾರ್ಥನೆ ನಡೆಯಬಹುದು. ಯಾವ ಕಟ್ಟಡಕ್ಕೆ ಯಾವ ದಾರಿ ಎಂಬುದನ್ನು ಊರವರ ಮಾತು ಕೇಳಿ ತೀರ್ಮಾನಿಸಬೇಕಾಗುತ್ತದೆ. ಎಲ್ಲ ಸಲವೂ ಎಲ್ಲರಿಗೂ ಸಮಾಧಾನವಾಗಿಲ್ಲ. ಹಣವೂ ಎಂದೂ ಸಾಕಾಗಿಲ್ಲ. ನೂರಾರು ಚರ್ಚುಗಳು ಕೈತಪ್ಪಿ ಹೋಗಿವೆ.

ಆದರೂ ಇತಿಹಾಸದ ಒಂದು ಮಾತು ಇಲ್ಲಿ ನೆರವಾಗುತ್ತದೆ. ಹಜಾರ ಊರವರದು, ಅಲ್ಲಿ ಸಭೆಯೂ ಹಬ್ಬವೂ ಪಾಠವೂ ನಡೆಯುತ್ತಿತ್ತು ಎಂದು ಮೊದಲು ನೋಡಿದೆವಲ್ಲವೇ? ಭಾನುವಾರ ಒಂದು ಗಂಟೆ ತೆರೆದು ಉಳಿದ ದಿನ ಮುಚ್ಚುವುದೇ ಈಚಿನ ರೂಢಿ. ವಾರವಿಡೀ ಜನ ಬಂದುಹೋಗುವ ಚರ್ಚು ಹೊಸ ಕಲ್ಪನೆಯಲ್ಲ. ಅದು ಹಳೆಯ ಪದ್ಧತಿಯ ಮರುಕಳಿಕೆ.

ನಮ್ಮ ಊರಿನಲ್ಲಿ

ನಮ್ಮ ಪರಿಸ್ಥಿತಿ ಬೇರೆ. ನಮ್ಮಲ್ಲಿ ದೇವಾಲಯ, ಮಸೀದಿ, ಬಸದಿ, ಇಗರ್ಜಿಗಳಿಗೆ ಬರುವ ಜನರಿಗೆ ಕೊರತೆಯಿಲ್ಲ. ಎಷ್ಟೋ ಕಡೆ ಜನ ಹೆಚ್ಚಾಗಿ, ಹಣ ಹೆಚ್ಚಾಗಿ, ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವ ಉತ್ಸಾಹವೇ ಅಪಾಯವಾಗಿದೆ. ಮಾರಿಸ್ ಎದುರಿಸಿದ ಅಪಾಯ ಅದೇ. 1958ರ ನಮ್ಮ ಕೇಂದ್ರ ಕಾಯ್ದೆ, ಸಂರಕ್ಷಿತ ಪೂಜಾಸ್ಥಳವನ್ನು ಅದರ ಸ್ವರೂಪಕ್ಕೆ ಒಪ್ಪದ ಕೆಲಸಕ್ಕೆ ಬಳಸಬಾರದು ಎನ್ನುತ್ತದೆ. ಬೇಲೂರಿನಲ್ಲಿ ಪೂಜೆ ನಿಂತಿಲ್ಲ, ಸೋಮನಾಥಪುರದಲ್ಲಿ ಪೂಜೆಯಿಲ್ಲ. ಎರಡೂ ಉಳಿದಿವೆ, ಎರಡೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಎರಡರ ಬಾಗಿಲೂ ತೆರೆದಿದೆ ಎಂಬುದನ್ನು ಗಮನಿಸಿ.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಇಟಲಿಯಿಂದ ಬಂದ ಆಂತೋನಿಯೊ ಮೊಸ್ಕೇನಿ 1899ರಿಂದ 1901ರ ತನಕ ಅದರ ಗೋಡೆ, ಛಾವಣಿಗಳನ್ನು ಚಿತ್ರಗಳಿಂದ ತುಂಬಿದ. ಕರಾವಳಿಯ ತೇವ ಆ ಬಣ್ಣಗಳನ್ನು ಸುಮ್ಮನೆ ಬಿಡಲಿಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ತಜ್ಞರು ಅವುಗಳನ್ನು ಶ್ರಮಪಟ್ಟು ಸರಿಪಡಿಸಿದರು. ಅದು ಕಾಲೇಜಿನ ಅಂಗಳದಲ್ಲಿದೆ. ವಿದ್ಯಾರ್ಥಿಗಳು, ಪ್ರವಾಸಿಗರು, ಪ್ರಾರ್ಥಿಸುವವರು, ಚಿತ್ರ ನೋಡುವವರು ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತಾರೆ. ಅಷ್ಟು ಕಣ್ಣುಗಳ ಎದುರಿಗಿರುವ ಕಟ್ಟಡದ ಗೋಡೆಯಲ್ಲಿ ಬಿರುಕು ಬಿಟ್ಟರೆ ಯಾರಾದರೂ ಒಬ್ಬರು ನೋಡಿಯೇ ನೋಡುತ್ತಾರೆ.

ನೀವು ಮಾಡಬಹುದಾದ ಕೆಲಸವೂ ಅದೇ. ನಿಮ್ಮ ಊರಿನಲ್ಲಿ ನೂರು ವರ್ಷ ದಾಟಿದ ಒಂದು ಕಟ್ಟಡವನ್ನು ಆರಿಸಿಕೊಳ್ಳಿ. ಅದು ಇಗರ್ಜಿಯಾಗಲಿ, ಗುಡಿಯಾಗಲಿ, ದರ್ಗಾ ಆಗಲಿ, ಹಳೆಯ ಶಾಲೆಯೇ ಆಗಲಿ. ನಿಮ್ಮ ಧರ್ಮದ್ದೇ ಆಗಬೇಕೆಂದಿಲ್ಲ, ಬೋಲ್ಟನ್ನಿನವರನ್ನು ನೆನಪಿಸಿಕೊಳ್ಳಿ. ಅದನ್ನು ಕಟ್ಟಿಸಿದವರು ಯಾರು, ಕಲ್ಲು ಎಲ್ಲಿಂದ ಬಂತು, ಬೀಗದ ಕೈ ಯಾರ ಮನೆಯಲ್ಲಿದೆ ಎಂದು ಹಿರಿಯರನ್ನು ಕೇಳಿ ಬರೆದಿಡಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಕಳೆದ ಮೇಲೆ ಒಮ್ಮೆ ಹೋಗಿ ನೋಡಿ. ನೀರು ಎಲ್ಲಿ ನಿಂತಿದೆ, ಸಸಿ ಎಲ್ಲಿ ಹುಟ್ಟಿದೆ ಎಂದು ಗುರುತು ಮಾಡಿ, ಜವಾಬ್ದಾರಿ ಇರುವವರಿಗೆ ತಿಳಿಸಿ. ನೀವಾಗಿಯೇ ಗೋಡೆ ಹತ್ತಬೇಡಿ, ಏನನ್ನೂ ಕೆರೆಯಬೇಡಿ.

ಶೆಟ್ಟಿಹಳ್ಳಿಯ ಚರ್ಚಿಗೆ ಹೋದವರು ಚಿತ್ರ ತೆಗೆದುಕೊಂಡು ಬರುತ್ತಾರೆ. ಮುಂದಿನ ಬಾರಿ ನೀವು ಹೋದಾಗ ಒಂದು ನಿಮಿಷ ಬಾಗಿಲಿದ್ದ ಜಾಗದಲ್ಲಿ ನಿಂತು ನೋಡಿ. ಅಲ್ಲಿ ಪ್ರತಿದಿನ ಯಾರೋ ಬೀಗ ತೆಗೆಯುತ್ತಿದ್ದರು. ನಿಮ್ಮ ಊರಿನ ಹಳೆಯ ಕಟ್ಟಡದ ಬೀಗ ತೆಗೆಯುವವರು ಇನ್ನೂ ಇದ್ದಾರೆ. ಅವರನ್ನು ಈ ವಾರವೇ ಹೋಗಿ ಮಾತನಾಡಿಸಿ.